ಹೆಸರು: ??????

ಡೇಟಾಬೇಸ್‌ನಲ್ಲಿ ಗ್ರಾಹಕರ ಪಟ್ಟಿ ತೆರೆದರೆ ಇವತ್ತೂ ಅದೇ, ಕನ್ನಡ ಮಾಯ. ಹೆಸರು: ??????. ಊರು: ????. ಪಿನ್‌ಕೋಡ್ ಮಾತ್ರ ಸರಿಯಾಗಿದೆ, ಪುಣ್ಯ! ವಿಳಾಸದ ಕಾಲಂ ಇನ್ನೂ ಚೆಂದ. ಒಂದೊಂದು ಕನ್ನಡ ಅಕ್ಷರಕ್ಕೂ ಮೂರು ಮೂರು ವಿಚಿತ್ರ ಚಿಹ್ನೆ, ಅದರಲ್ಲೊಂದು ತಲೆ ಮೇಲೆ ಗೀಟಿರುವ ಎ. ಎಲ್ಲ ಭಾಷೆಯ ಅಕ್ಷರವನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಅಕ್ಷರಕ್ಕೆ 3 ಬೈಟ್ ಬೇಕು, ಒಪ್ಪಿದೆ. ಅದನ್ನು ಲ್ಯಾಟಿನ್-1 (ಅಕ್ಷರಕ್ಕೆ ಒಂದೇ ಬೈಟಿನ ಯುರೋಪಿನ ಹಳೇ ಪದ್ಧತಿ) ಅಂತ ಬಿಡಿಬಿಡಿಯಾಗಿ ಓದು ಅಂದವರು ಯಾರಪ್ಪ? ಡೇಟಾ ಕೂತಿರುವ ಟೇಬಲ್ ಸರಿ ಮಾಡಿದರೆ, ಅದನ್ನು ನಮ್ಮ ಪ್ರೋಗ್ರಾಮಿಗೆ ಜೋಡಿಸುವ ಕನೆಕ್ಷನ್ ಮುನಿಸಿಕೊಳ್ಳುತ್ತದೆ. ಕನೆಕ್ಷನ್ ಸರಿ ಮಾಡಿದರೆ ಹಳೇ ಡೇಟಾ ಎರಡೆರಡು ಸಲ ಎನ್‌ಕೋಡ್ ಆಗಿ ಕೂತಿರುತ್ತದೆ. ಈ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್‌ನಲ್ಲೋ, 8.0 ಆವೃತ್ತಿ ಬರುವವರೆಗೂ ಡೀಫಾಲ್ಟ್ ಕೊಲೇಷನ್ (ಅಕ್ಷರಗಳನ್ನು ಹೋಲಿಸಿ ಸಾಲಾಗಿ ಜೋಡಿಸುವ ನಿಯಮ) ಸ್ವೀಡಿಷ್! ಹುಬ್ಬಳ್ಳಿ ಗ್ರಾಹಕರಿಗೂ ಸ್ವೀಡನ್‌ಗೂ ಏನು ಸಂಬಂಧ? ಅದರ ‘ಯುಟಿಎಫ್8’ ಕೂಡ ಪೂರ್ತಿ ಯುಟಿಎಫ್-8 ಅಲ್ಲ. ಒಂದು ನಗುವ ಇಮೋಜಿ ಹಾಕಿದರೆ ಸಾಕು, ಎಡವಿ ಬೀಳುತ್ತದೆ. ಇಷ್ಟರ ಮಧ್ಯೆ ಮ್ಯಾನೇಜರ್ ಸಾಹೇಬರ ಸಲಹೆ: “ಸುಮ್ನೆ ಒಂದು ಕನ್ನಡ ಫಾಂಟ್ ಹಾಕಿದರೆ ಆಗಲ್ವಾ?”