10 ಗಿಗಾಬಿಟ್ ಅಂತ ಅಚ್ಚು ಹಾಕಿ ಎಫ್‌ಬಿಜಿ ಚಿಪ್ ಬೆಸೆದು ಕೊಡ್ತೀರಲ್ಲ, ನಾಚಿಕೆ ಆಗಲ್ವಾ?

ಅಲ್ಲ ಮಾರಾಯ್ರೆ, ಎಸ್‌ಎಫ್‌ಪಿ ಪ್ಲಸ್ ಕೇಜ್ (ಫೈಬರ್ ಮಾಡ್ಯೂಲ್ ಸಿಕ್ಕಿಸುವ ಲೋಹದ ಗೂಡು) ಕೂರಿಸಿ, ಪಕ್ಕದಲ್ಲಿ ‘10 ಜಿ’ ಅಂತ ಬರೆದು, ಎಫ್‌ಬಿಜಿ676 ಅನ್ನೋ ಅಗ್ಗದ ಪ್ಯಾಕೇಜಿನ (ಚಿಪ್ಪಿನ ಹೊರಕವಚದ) ಕಿಂಟೆಕ್ಸ್-7 ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಿಸುವ ಚಿಪ್) ಹಾಕಿ ಮಾರೋದಕ್ಕೆ ಮೋಸ ಅನ್ನದೆ ಇನ್ನೇನನ್ನಬೇಕು? ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಹುಡುಗರು ನಾಲ್ಕೈದು ಜನ ದುಡ್ಡು ಸೇರಿಸಿ ಪ್ರಾಜೆಕ್ಟಿಗೆ ತರಿಸುವ ಬೋರ್ಡ್ ಇದು.

ಕಿಂಟೆಕ್ಸ್-7ರ ಜಿಟಿಎಕ್ಸ್ ಟ್ರಾನ್ಸೀವರ್ (ವೇಗವಾಗಿ ಡೇಟಾ ಕಳಿಸಿ ಪಡೆಯುವ ಭಾಗ) ಸೆಕೆಂಡಿಗೆ 12.5 ಗಿಗಾಬಿಟ್ ಮುಟ್ಟುತ್ತದೆ, ನಿಜ. ಆದರೆ ಎಫ್‌ಎಫ್‌ಜಿ ಅನ್ನೋ ಪ್ಯಾಕೇಜ್ ಇರಬೇಕು, ಸ್ಪೀಡ್ ಗ್ರೇಡ್ (ಚಿಪ್ಪಿನ ವೇಗದ ದರ್ಜೆ) -3 ಇರಬೇಕು. -2 ಆದರೆ 10.3125, -1 ಆದರೆ 8. ಅದೇ ಸಿಲಿಕಾನ್ ಎಫ್‌ಬಿಜಿ676 ಅಥವಾ ಎಫ್‌ಬಿಜಿ900ರೊಳಗೆ ಕೂತರೆ ಮಿತಿ 6.6, ಗ್ರೇಡ್ ಯಾವುದೇ ಇರಲಿ. 10 ಗಿಗಾಬಿಟ್ ಈಥರ್ನೆಟ್‌ಗೆ ಬೇಕಾದದ್ದು 10.3125. ಎಲ್ಲಿಂದ ತರ್ತೀರಿ?

ಸಿಲಿಕಾನ್ ಒಂದೇ ಅಂದಮೇಲೆ ವೇಗ ಯಾಕೆ ಇಳೀತು ಅಂದರೆ, ಸಿಗ್ನಲ್ ಸಿಲಿಕಾನ್ ಅಡಿಯ ಬಂಪಿನಿಂದ ಪ್ಯಾಕೇಜ್ ಅಡಿಯ ಬೆಸುಗೆಯ ಬಾಲ್‌ವರೆಗೆ ಪ್ಯಾಕೇಜಿನ ಸಬ್‌ಸ್ಟ್ರೇಟ್ (ನಡುವಿನ ತೆಳು ಹಲಗೆ) ದಾಟಿಯೇ ಬರಬೇಕು. 10.3125ರಲ್ಲಿ ಒಂದು ಬಿಟ್‌ಗೆ ಸಿಗುವ ಸಮಯ ಬರೀ 97 ಪಿಕೋಸೆಕೆಂಡ್. ಆ ದಾರಿಯಲ್ಲಿ ವಯಾ (ಪದರಗಳನ್ನು ಜೋಡಿಸುವ ರಂಧ್ರ), ಬಾಲ್ ಅಂತ ಇಂಪೀಡೆನ್ಸ್ (ಸಿಗ್ನಲ್‌ಗೆ ಎದುರಾಗುವ ತಡೆ) ಬದಲಾಗುವ ಜಾಗದಲ್ಲೆಲ್ಲ ಸಿಗ್ನಲ್ ಸ್ವಲ್ಪ ಸ್ವಲ್ಪ ವಾಪಸ್ ಬೌನ್ಸ್ ಆಗುತ್ತದೆ, ಪಕ್ಕದ ಲೇನಿನ (ಡೇಟಾ ದಾರಿಯ) ಗಲಾಟೆ, ಅಂದರೆ ಕ್ರಾಸ್‌ಟಾಕ್, ಬೇರೆ ಸೇರುತ್ತದೆ. ಸಿಗ್ನಲ್ ಬರೀ ಸೊರಗಿದರೆ ಟ್ರಾನ್ಸೀವರಿನ ಈಕ್ವಲೈಜರ್ ಸರಿದೂಗಿಸುತ್ತದೆ. ಕ್ರಾಸ್‌ಟಾಕ್ ಅದರ ಕೈಗೆ ಸಿಗಲ್ಲ.

ಎಫ್‌ಎಫ್‌ಜಿ676, ಎಫ್‌ಬಿಜಿ676 ಎರಡಕ್ಕೂ ಬೋರ್ಡಿನ ಫುಟ್‌ಪ್ರಿಂಟ್ (ಬಾಲ್‌ಗಳು ಕೂರುವ ಜಾಗದ ವಿನ್ಯಾಸ) ಒಂದೇ. ಅಗ್ಗದ್ದನ್ನು ಕೂರಿಸೋದು ಅದಕ್ಕೇ ಅಷ್ಟು ಸುಲಭ. ವಿವಾಡೋದಲ್ಲಿ (ಈ ಚಿಪ್ಪಿಗೆ ವಿನ್ಯಾಸ ಬರೆಯುವ ಸಾಫ್ಟ್‌ವೇರ್) ಸರಿಯಾದ ಪಾರ್ಟ್ ಆರಿಸಿದರೆ ವಿಝಾರ್ಡ್ 10.3125 ಒಪ್ಪಲ್ಲ. ಇವರು ಕೊಡುವ ಉದಾಹರಣೆ ಪ್ರಾಜೆಕ್ಟಿನಲ್ಲಿ ಎಫ್‌ಎಫ್‌ಜಿ ಅಂತ ಆರಿಸಿಟ್ಟಿರುತ್ತಾರೆ! ಡೈ (ಒಳಗಿನ ಸಿಲಿಕಾನ್ ತುಂಡು) ಒಂದೇ ಆದ್ದರಿಂದ ಬಿಟ್‌ಸ್ಟ್ರೀಮ್ (ಚಿಪ್ಪಿಗೆ ತುಂಬುವ ವಿನ್ಯಾಸದ ಫೈಲ್) ಲೋಡ್ ಆಗುತ್ತದೆ, ಲಿಂಕ್ ದೀಪವೂ ಹತ್ತುತ್ತದೆ.

ಕೇಳಿದರೆ ‘ನಮ್ಮಲ್ಲಿ ಓಡುತ್ತೆ’ ಅಂತ ಅರ್ಧ ನಿಮಿಷ ಓಡಿಸಿದ್ದರ ಸ್ಕ್ರೀನ್‌ಶಾಟ್. ಬಿಟ್ ಎರರ್ ರೇಟ್ (ಕಳಿಸಿದ ಬಿಟ್‌ಗಳಲ್ಲಿ ತಪ್ಪಾದವುಗಳ ಪಾಲು) 10ರ ಘಾತ -12ಕ್ಕಿಂತ ಕಡಿಮೆ ಅಂತ ಶೇ 95 ಭರವಸೆಯಿಂದ ಹೇಳಬೇಕಾದರೆ, ಒಂದೂ ತಪ್ಪಿಲ್ಲದೆ 3 ಲಕ್ಷ ಕೋಟಿ ಬಿಟ್ ಹೋಗಬೇಕು. ಈ ವೇಗದಲ್ಲಿ ಅದು ಹೆಚ್ಚುಕಡಿಮೆ 5 ನಿಮಿಷ. 10ರ ಘಾತ -15ಕ್ಕೆ 80 ಗಂಟೆ. ಪಿಆರ್‌ಬಿಎಸ್-31 (ಪರೀಕ್ಷೆಗೆ ಕಳಿಸುವ ಅಡ್ಡಾದಿಡ್ಡಿ ಬಿಟ್‌ಗಳ ಸಾಲು) ಹಾಕಿ, ಚಿಪ್ ಬಿಸಿಯಾದ ಮೇಲೆ, ಪಕ್ಕದ ಲೇನುಗಳೂ ಓಡುತ್ತಿರುವಾಗ ತೋರಿಸಿ. ಆಗಲೂ ಅದು ಆ ಒಂದು ಬೋರ್ಡಿನ ಮಾತು, ಗ್ಯಾರಂಟಿಯಲ್ಲ.

‘ಬೇಕಾದರೆ ಚಿಪ್ ಬದಲಾಯಿಸಿಕೊಳ್ಳಿ’ ಅನ್ನೋದಂತೂ ಮೈ ಉರಿಸುವ ಮಾತು. 676 ಬಾಲಿನ ಬಿಜಿಎ (ಅಡಿಯಲ್ಲಿ ಬಾಲ್‌ಗಳಿರುವ ಚಿಪ್) ಕಿತ್ತು ಕೂರಿಸಲು ಮಡಿಕೇರಿಯಿಂದ ಘಟ್ಟ ಇಳಿದು ಹೋಗಬೇಕು. ಹೊಸ ಚಿಪ್ ಬರುವ ಚೀಲದ ಮೇಲೆ ಎಂಎಸ್‌ಎಲ್ 4 (ತೇವಕ್ಕೆ ಎಷ್ಟು ಸೂಕ್ಷ್ಮ ಅನ್ನೋ ದರ್ಜೆ) ಅಂತಿದ್ದರೆ, ತೆರೆದ ಮೇಲೆ 72 ಗಂಟೆ ಮಾತ್ರ ಅವಕಾಶ, ಅದೂ ತೇವಾಂಶ ಶೇ 60 ಮೀರದಿದ್ದರೆ. ಆಟಿ ತಿಂಗಳಲ್ಲಿ ಕೊಡಗಿನ ಯಾವ ಕೋಣೆಯಲ್ಲಿ ಅಷ್ಟು ಒಣ ಗಾಳಿ ಇದೆ ಹೇಳಿ? ಬೇಕ್ ಮಾಡದೆ (ಬಿಸಿಯಲ್ಲಿಟ್ಟು ಒಣಗಿಸದೆ) ರೀಫ್ಲೋಗೆ (ಬೆಸುಗೆ ಕರಗಿಸುವ ಬಿಸಿಗೆ) ಹಾಕಿದರೆ ಒಳಗಿನ ನೀರು ಆವಿಯಾಗಿ ಪ್ಯಾಕೇಜ್ ಪದರ ಬಿಡುತ್ತದೆ.

ಕೊಳ್ಳುವವರು ಹೀಟ್‌ಸಿಂಕ್ ತೆಗೆದ ಫೋಟೋ ಕೇಳಿ. ಲೋಹದ ಮುಚ್ಚಳ ಇದ್ದರೆ ಎಫ್‌ಎಫ್‌ಜಿ, ನಡುವೆ ಬೆತ್ತಲೆ ಡೈ ಹೊಳೆದರೆ ಎಫ್‌ಬಿಜಿ. ಈಗಾಗಲೇ ಎಫ್‌ಬಿಜಿ ಸಿಕ್ಕಿದವರು 5 ಗಿಗಾದ ಪಿಸಿಐಇ ಜೆನ್2ಗೆ (ಕಂಪ್ಯೂಟರಿನ ಕಾರ್ಡ್ ಸ್ಲಾಟಿನ ಸಂಪರ್ಕಕ್ಕೆ) ನಿಶ್ಚಿಂತೆಯಿಂದ ಬಳಸಿ. 10 ಗಿಗಾಬಿಟ್ ಬೇಕೇ ಬೇಕಾದರೆ ಹೊರಗೆ ಬೇರೆ ಫೈ ಚಿಪ್ (ಕೇಬಲ್ ಕಡೆಯ ಸಿಗ್ನಲ್ ನೋಡಿಕೊಳ್ಳುವ ಚಿಪ್) ಇಟ್ಟು, ಅದಕ್ಕೆ ಝಾವಿಯಲ್ಲಿ (ಎಕ್ಸ್‌ಎಯುಐ, ಡೇಟಾವನ್ನು ನಾಲ್ಕು ದಾರಿಗೆ ಹಂಚುವ ಸಂಪರ್ಕ) 3.125 ಗಿಗಾಬಿಟ್‌ನ ನಾಲ್ಕು ಲೇನ್ ಓಡಿಸಬೇಕು.

ಮಾರುವವರೇ, ಪಾರ್ಟ್ ನಂಬರನ್ನು ‘ಎಕ್ಸ್‌ಸಿ7ಕೆ325ಟಿ’ ಅಂತ ಅರ್ಧ ಬರೆದು ನಿಲ್ಲಿಸಬೇಡಿ. ‘-2ಎಫ್‌ಬಿಜಿ676ಸಿ’ ಅಂತ ಪೂರ್ತಿ ಬರೆಯಿರಿ, ಬೆಲೆಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ.