ದೇಶದ ಲೆಕ್ಕ ಕೇಳಿದ ವರ್ತಕ

ದಾದಾಭಾಯಿ ನವರೋಜಿ ಅಂದರೆ ‘ಸಂಪತ್ತಿನ ಸೋರಿಕೆ ಸಿದ್ಧಾಂತ’ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಎರಡು ಅಂಕ ಸಿಕ್ಕಿತ್ತು, ಅರ್ಥವಾಗಿರಲಿಲ್ಲ. ಅರ್ಥವಾಗಿದ್ದು ಅಪ್ಪನ ದಿನಸಿ ಅಂಗಡಿಯಲ್ಲಿ. ರಾತ್ರಿ ಬಾಗಿಲು ಹಾಕಿದ ಮೇಲೆ ಅಪ್ಪ ಉದ್ರಿ ಪುಸ್ತಕ ಬಿಚ್ಚಿ, ಹೋದ ಸರಕಿನ ಎದುರು ಬಂದ ದುಡ್ಡು ಬರೆಯುತ್ತಿದ್ದರು. ಖಾಲಿ ಉಳಿದ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂರುತ್ತಿದ್ದರು.

ದಾದಾಭಾಯಿ ಇಡೀ ದೇಶದ ಪುಸ್ತಕದಲ್ಲಿ ಹಾಗೆ ಬೆರಳಿಟ್ಟವರು.

ನಾಲ್ಕನೇ ವಯಸ್ಸಿಗೇ ತಂದೆ ಹೋದರು, ತಾಯಿ ಮಾಣೆಕ್‌ಬಾಯಿ ಓದಿಸಿದರು. ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು 1855ರಲ್ಲಿ ಕಾಮಾ ಕಂಪನಿಯ ಪಾಲುದಾರರಾಗಿ ಲಂಡನ್ನಿಗೆ ಹೊರಟರು. ಅಫೀಮು, ಮದ್ಯದ ಲಾಭ ತನಗೆ ಬೇಡ ಅಂತ ಆ ಪಾಲುದಾರಿಕೆ ಬಿಟ್ಟರು. 1859ರಲ್ಲಿ ಸ್ವಂತ ಹತ್ತಿ ವ್ಯಾಪಾರ ಶುರು ಮಾಡಿದರು.

ಅವರನ್ನು ಬರೀ ಸಿದ್ಧಾಂತಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಸರಕು ಹಡಗೇರಿದರೆ ಬೆಲೆ ವಾಪಸ್ ಬರಬೇಕು ಅನ್ನುವುದು ವರ್ತಕನಿಗೆ ಯಾರೂ ಹೇಳಿಕೊಡಬೇಕಿಲ್ಲ. ಭಾರತದಿಂದ ವರ್ಷವರ್ಷ ಹೋಗುತ್ತಿದ್ದ ಸರಕಿಗೆ ತಕ್ಕಷ್ಟು ಬರುತ್ತಿರಲಿಲ್ಲ. ಬ್ರಿಟಿಷ್ ಅಧಿಕಾರಿಗಳ ಸಂಬಳ, ಪಿಂಚಣಿ, ಭಾರತದ ಆಡಳಿತ ನೋಡುತ್ತಿದ್ದ ಲಂಡನ್ ಕಚೇರಿಯ ಖರ್ಚು, ಸಾಲದ ಬಡ್ಡಿ ಅಂತ ಅದು ಅಲ್ಲೇ ಕರಗುತ್ತಿತ್ತು. ಇದನ್ನೇ ಅವರು ಸೋರಿಕೆ ಅಂದರು.

ಇದನ್ನು ಬ್ರಿಟಿಷ್ ಪಾರ್ಲಿಮೆಂಟಿನೊಳಗೇ ಕೇಳಬೇಕು ಅಂತ 1886ರಲ್ಲಿ ಚುನಾವಣೆಗೆ ನಿಂತು ಸೋತರು. ಬ್ರಿಟಿಷರ ಕ್ಷೇತ್ರವೊಂದು ಕರಿಯನನ್ನು ಆರಿಸುವ ಕಾಲ ಇನ್ನೂ ಬಂದಿಲ್ಲ ಅಂತ ಬ್ರಿಟಿಷ್ ಪ್ರಧಾನಿ ಸಾಲ್ಸ್‌ಬರಿ 1888ರಲ್ಲಿ ಅವರ ಬಗ್ಗೆ ಸಭೆಯಲ್ಲೇ ಆಡಿದರು. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದ ಜನ ಅದೇ ಮನುಷ್ಯನನ್ನು ಗೆಲ್ಲಿಸಿದರು. ಅಂತರ ಐದು ಮತ, ಮರುಎಣಿಕೆಯಲ್ಲಿ ಮೂರು! ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಭಾರತ ಆಳುವ ಉನ್ನತ ಅಧಿಕಾರಿಗಳನ್ನು ಆರಿಸುವ ಐಸಿಎಸ್ ಪರೀಕ್ಷೆ ಭಾರತದಲ್ಲೂ ನಡೆಯಲಿ ಅನ್ನುವ ನಿರ್ಣಯ 1893ರಲ್ಲಿ ಪಾಸಾಯಿತು. ಸರ್ಕಾರ ಜಾರಿ ಮಾಡಲಿಲ್ಲ. 1895ರಲ್ಲಿ ಸೀಟೂ ಹೋಯಿತು.

ಆದರೂ ನನ್ನನ್ನು ಹಿಡಿದು ನಿಲ್ಲಿಸುವುದು ಆ ಗೆಲುವಲ್ಲ, 1870ರ ದಶಕದಲ್ಲಿ ಅವರು ಕೂತು ಮಾಡಿದ ಲೆಕ್ಕ. ಸರ್ಕಾರದ್ದೇ ವರದಿ ಹರವಿಕೊಂಡು ಬೆಳೆ, ಉಪ್ಪು, ಗಣಿ ಎಲ್ಲ ಕೂಡಿಸಿ ತಲೆಗೆ ಭಾಗಿಸಿದರು. ವರ್ಷಕ್ಕೆ 20 ರೂಪಾಯಿ ಬಂತು. ಆಮೇಲೆ ಜೈಲಿನ ದರ ಹಿಡಿದು, ಬರೀ ಅನ್ನ ಬಟ್ಟೆಗೆ ಒಬ್ಬನಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದರು. 34 ರೂಪಾಯಿ.