ಯಾವ ಪುಟ, ಮಾವ?

ಬಳ್ಳಾರಿಯ ನಮ್ಮ ಮನೆಯಲ್ಲಿ ಪುಸ್ತಕ ನಿಷೇಧಕ್ಕೆ ಸರ್ಕಾರ ಬೇಕಿರಲಿಲ್ಲ, ಬೀರು ಸಾಕಾಗಿತ್ತು. ಅಪ್ಪ ‘ಸಂಸ್ಕಾರ’ ಕಾದಂಬರಿಗೆ ಹಳೆಯ ಪೇಪರಿನ ರಟ್ಟು ಹಾಕಿ, ಮೇಲಿನ ಅರೆಯಲ್ಲಿ ಪಂಚಾಂಗಗಳ ಹಿಂದೆ ಇಟ್ಟಿದ್ದರು. ಒಂಬತ್ತನೆಯ ತರಗತಿಯ ಬೇಸಿಗೆ ರಜೆಯಲ್ಲಿ ಜೋಳದ ಡಬ್ಬದ ಮೇಲೆ ಹತ್ತಿ ಇಳಿಸಿಕೊಂಡೆ. ಹುಡುಕಿದ್ದು ಏನನ್ನೋ. ಮನಸ್ಸಿನಲ್ಲಿ ಉಳಿದದ್ದು ಅಗ್ರಹಾರದ ನಡುವೆ ನಾರುತ್ತಾ ಬಿದ್ದ ನಾರಣಪ್ಪನ ಹೆಣ.

ಈಗ ಚೆನ್ನೈನಲ್ಲಿದ್ದೇನೆ. 1953ರವರೆಗೆ ಬಳ್ಳಾರಿಯೂ ಮದರಾಸಿಗೇ ಸೇರಿತ್ತಾದ್ದರಿಂದ ಇದನ್ನು ಹೊರನಾಡು ಎನ್ನಲು ನಾಲಿಗೆ ತಡವರಿಸುತ್ತದೆ. ಆ ಕಾದಂಬರಿಯ ಸಿನಿಮಾವನ್ನು ಮೊದಲು ತಡೆದವರೂ ಮದರಾಸಿನ ಸೆನ್ಸಾರಿನವರೇ. ತಡೆ ತೆರವಾಯಿತು, ರಾಷ್ಟ್ರಪ್ರಶಸ್ತಿಯೂ ಬಂತು.

ತಮಿಳು ಲೇಖಕ ಪೆರುಮಾಳ್ ಮುರುಗನ್ ಅವರ ‘ಮಾದೊರುಬಾಗನ್’ ಕಾದಂಬರಿಯ ವಿರುದ್ಧ ಗಲಾಟೆ ನಡೆದಾಗ, ಅದರ ಕತೆ ನಡೆಯುವ ಊರಾದ ತಿರುಚ್ಚೆಂಗೋಡಿನವರೇ ಒಬ್ಬರು ನನ್ನ ಸಹೋದ್ಯೋಗಿ. ಕೆಂಡವಾಗಿದ್ದರು. ಅವರು ಓದಿದ್ದು ಗೆರೆ ಎಳೆದ ನಾಲ್ಕು ಜೆರಾಕ್ಸ್ ಹಾಳೆಗಳನ್ನು ಮಾತ್ರ. 2015ರ ಜನವರಿಯಲ್ಲಿ ಲೇಖಕರು ತಮ್ಮೊಳಗಿನ ಬರಹಗಾರ ಸತ್ತನೆಂದು ಬರೆದುಕೊಂಡರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಹಿಡಿಸದಿದ್ದರೆ ಪುಸ್ತಕವನ್ನು ಬಿಸಾಡಿ ಎಂದಿತು. ತೀರ್ಪಿನ ಸಿಟ್ಟಿಗೇ ಸಹೋದ್ಯೋಗಿ ಪುಸ್ತಕ ಕೊಂಡು ಪೂರ್ತಿ ಓದಿದರು. ಇಂದಿಗೂ ಅವರಿಗೆ ಅದು ಹಿಡಿಸದು. ಆದರೆ ಯಾವ ಪುಟ, ಯಾಕೆ ಎಂದು ನನ್ನೊಡನೆ ಊಟದ ಹೊತ್ತೆಲ್ಲ ಜಗಳವಾಡಬಲ್ಲರು.

ನಮ್ಮ ‘ಧರ್ಮಕಾರಣ’ದ ಗತಿಯೇ ಬೇರೆ. ಪಿ.ವಿ. ನಾರಾಯಣ ಅವರ ಆ ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬಸವಣ್ಣನವರ ಮನೆತನದ ಮಾತಾದ್ದರಿಂದ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅದು ಮುಟ್ಟಿದ ನೋವು. ಆ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿತ್ಯ ವಚನ ಓದಿಯೇ ಕಾಫಿ ಕುಡಿಯುವ ನನ್ನ ಮಾವ ಈಗಲೂ ನಿಷೇಧ ಸರಿ ಎನ್ನುತ್ತಾರೆ. ಹತ್ತನೆಯ ತರಗತಿಗೆ ಇಂಥದ್ದನ್ನು ಪಠ್ಯವಾಗಿಡಬೇಡಿ ಎಂದರೆ ನಾನೂ ತಲೆಯಾಡಿಸುತ್ತೇನೆ, ಅದು ಮೇಷ್ಟರ ವಿವೇಚನೆ. ಆದರೆ ಐವತ್ತು ದಾಟಿದ ನನಗೂ, ಎಪ್ಪತ್ತು ದಾಟಿದ ಮಾವನಿಗೂ ಯಾರ ಬೀರು?

ಕಳೆದ ದಸರೆಗೆ ಹೋದಾಗ, ಮಂಡಕ್ಕಿ ಒಗ್ಗರಣೆಯ ತಟ್ಟೆ ಮುಂದಿಟ್ಟುಕೊಂಡು ಕೇಳಿಯೇಬಿಟ್ಟೆ: “ಯಾವ ಪುಟ ತಪ್ಪು, ಮಾವ?”

ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟರು. “ನಾನೆಲ್ಲಿ ಓದಿದ್ದೇನಪ್ಪಾ? ನೀನು ಓದಿದವನು, ನೋಡಿ ಹೇಳು.”

“ಎಲ್ಲಿ ನೋಡಲಿ?”

ಮಾವ ಇನ್ನೊಂದು ಮಿರ್ಚಿ ತೆಗೆದುಕೊಂಡರು.